ಡಿಸೆಂಬರ್ ನಸುಕಿನ ಕಾಗದದ ದೀಪಗಳು



ಡಿಸೆಂಬರ್ ತಿಂಗಳಲ್ಲಿ ನಮ್ಮ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಸೀಮೆಯಲ್ಲಿ ಬಿಡುವಾದ ಕೈ ಸಿಗುವುದು ಕಷ್ಟ. ಭತ್ತದ ಕೊಯ್ಲು ಮುಗಿಯುತ್ತಾ ಬಂದು ಕಣ ತುಂಬಿರುತ್ತದೆ. ಟಾರು ರಸ್ತೆಯ ಅರ್ಧದವರೆಗೆ ಮೆಕ್ಕೆಜೋಳ ಹರಡಿರುತ್ತದೆ. ಅಡಿಕೆ ತೋಟದವರ ಮನೆಯಂಗಳದಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ಸುಲಿಯುವ ಹೆಂಗಸರ ಮಾತು, ಹಂಡೆಯಲ್ಲಿ ಬೇಯುವ ಅಡಿಕೆಯ ಚೊಗರಿನ ವಾಸನೆ. ಇಷ್ಟು ಕೆಲಸದ ನಡುವೆಯೇ ಊರೂರ ದೇವಸ್ಥಾನಗಳ ಕಾರ್ತಿಕ ಮುಗಿಯಬೇಕು, ಸುಬ್ಬರಾಯನ ಷಷ್ಠಿ ಆಗಬೇಕು, ಹೊಸ್ತಿಲ ಹುಣ್ಣಿಮೆ ಬರಬೇಕು, ಹೋರಿ ಬೆದರಿಸುವ ಹಬ್ಬಕ್ಕೆ ಹುಡುಗರು ಓಡಬೇಕು, ಧನುರ್ಮಾಸದ ಪೂಜೆಗೆ ನಸುಕಿನಲ್ಲೇ ಏಳಬೇಕು. ತಿಂಗಳ ಕೊನೆಗೆ ಕ್ರಿಸ್‌ಮಸ್ ಇದ್ದೇ ಇದೆ.

ಈ ಹಬ್ಬಗಳಿಗೆಲ್ಲ ಬೇಕಾಗುವ ಒಂದು ವಸ್ತು ಕಾಗದ. ಬೀದಿಗೆ ಅಡ್ಡವಾಗಿ ಕಟ್ಟುವ ಪರಪರಿ, ಬಾಗಿಲಿಗೆ ತೂಗುವ ಆಕಾಶಬುಟ್ಟಿ, ಹೋರಿಯ ಕೋಡಿಗೆ ಸುತ್ತುವ ಬೇಗಡೆ, ಕ್ರೈಸ್ತರ ಮನೆಯ ಮುಂದಿನ ನಕ್ಷತ್ರ, ಕ್ರಿಸ್ತಜನನದ ಗೋದಲಿಯ ಹಿಂದೆ ನಿಲ್ಲುವ ಕಾಗದದ ಬೆಟ್ಟ. ಹೈಸ್ಕೂಲು ಮಕ್ಕಳಿಗೆ ಚಿತ್ರಕಲೆ ಮತ್ತು ಕಾರ್ಯಾನುಭವ ಪಾಠ ಮಾಡಿದ ಶಿಕ್ಷಕಿಯಾಗಿ ನನಗೆ ಈ ಕಾಗದದ ಕೆಲಸದ ಮೇಲೆ ಬಹಳ ಅಕ್ಕರೆ. ಅದು ನಮ್ಮ ಕೈತಪ್ಪುತ್ತಿದೆ ಎಂಬ ಸಂಕಟವೂ ಅಷ್ಟೇ ಇದೆ. ಆ ಮಾತನ್ನು ಇವತ್ತು ನಿಮ್ಮ ಮುಂದೆ ಇಡುವಾಗ ಸಮುದ್ರದಾಚೆಯ ಇನ್ನೊಂದು ನಾಡನ್ನೂ ಜೊತೆಗೆ ತರುತ್ತೇನೆ. ಅದು ಫಿಲಿಪ್ಪೀನ್ಸ್.

ಫಿಲಿಪ್ಪೀನ್ಸ್ ನಮಗೆ ಪೂರ್ತಿ ಅಪರಿಚಿತ ನಾಡೇನಲ್ಲ. ಭದ್ರಾ ಅಚ್ಚುಕಟ್ಟಿನ ಹಿರಿಯ ರೈತರಿಗೆ ಐಆರ್-8 ಎಂಬ ಭತ್ತದ ಹೆಸರು ಗೊತ್ತು. ಐಆರ್-64 ಅಂತೂ ಅವರ ಮಕ್ಕಳಿಗೂ ಗೊತ್ತು. ಈ ತಳಿಗಳು ಹುಟ್ಟಿದ್ದು ಫಿಲಿಪ್ಪೀನ್ಸಿನ ಲಗೂನಾ ಪ್ರಾಂತದ ಲೋಸ್ ಬಾನ್ಯೋಸ್ ಎಂಬ ಊರಿನಲ್ಲಿ. ಅಲ್ಲಿ 1960ರಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಆರಂಭವಾಯಿತು. 1966ರಲ್ಲಿ ಐಆರ್-8, 1985ರಲ್ಲಿ ಐಆರ್-64 ಹೊರಬಂದವು. ಇನ್ನೊಂದು ನಂಟೂ ಇದೆ. ನಮ್ಮ ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಸಂದ ಮ್ಯಾಗ್ಸೆಸೆ ಪ್ರಶಸ್ತಿ, 1957ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಆ ದೇಶದ ಅಧ್ಯಕ್ಷ ರಾಮೋನ್ ಮ್ಯಾಗ್ಸೆಸೆಯವರ ಹೆಸರಿನದು. ಅವರ ಅನ್ನವನ್ನು ನಾವು ಉಂಡಿದ್ದೇವೆ, ನಮ್ಮ ಹಳ್ಳಿಯ ನಾಟಕವನ್ನು ಅವರು ಗೌರವಿಸಿದ್ದಾರೆ.

ಈಗ ಡಿಸೆಂಬರಿಗೆ ಬರೋಣ. ಸೂರ್ಯ ಧನುರಾಶಿಯನ್ನು ಹೊಗುವುದು ಸಾಮಾನ್ಯವಾಗಿ ಡಿಸೆಂಬರ್ 16ರ ಆಸುಪಾಸಿನಲ್ಲಿ. ಅಂದಿನಿಂದ ಮಕರ ಸಂಕ್ರಾಂತಿಯವರೆಗೆ ಧನುರ್ಮಾಸ. ಮನುಷ್ಯರ ಒಂದು ವರ್ಷ ದೇವತೆಗಳಿಗೆ ಒಂದು ದಿನ, ಈ ತಿಂಗಳು ಅವರಿಗೆ ನಸುಕಿನ ಹೊತ್ತು ಎಂದು ಹಿರಿಯರು ಹೇಳುತ್ತಾರೆ. ಆದ್ದರಿಂದ ಆಕಾಶದಲ್ಲಿ ನಕ್ಷತ್ರ ಕಾಣುತ್ತಿರುವಾಗಲೇ ಪೂಜೆ ಆಗಬೇಕು. ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದ ರಾಘವೇಂದ್ರ ಸ್ವಾಮಿಗಳ ಮಠವನ್ನು ಜನ ಎರಡನೇ ಮಂತ್ರಾಲಯ ಎನ್ನುತ್ತಾರೆ. ಈ ತಿಂಗಳ ನಸುಕಿನಲ್ಲಿ ಹೊಳೆಯ ಮೇಲೆ ಮಂಜು ಇಳಿದಿರುವಾಗ ಹೆಂಗಸರು ತಲೆಗೆ ಸೆರಗು ಹೊದ್ದು ದೇವಸ್ಥಾನಗಳಿಗೆ ನಡೆಯುವುದನ್ನು ಊರಿನವರೆಲ್ಲ ಬಲ್ಲರು. ನೈವೇದ್ಯ ಹೆಸರುಬೇಳೆ ಹುಗ್ಗಿ. ಮೆಣಸು, ಶುಂಠಿ, ಜೀರಿಗೆ, ತುಪ್ಪ ಬಿದ್ದ ಬಿಸಿ ಹುಗ್ಗಿಯನ್ನು ಮುತ್ತುಗದ ಎಲೆಯ ದೊನ್ನೆಯಲ್ಲಿ ಹಿಡಿದಾಗ ಆ ಚಳಿಗೆ ಅದಕ್ಕಿಂತ ಒಳ್ಳೆಯ ಪ್ರಸಾದ ಇಲ್ಲ ಎನ್ನಿಸುತ್ತದೆ.

ಫಿಲಿಪ್ಪೀನ್ಸಿನ ಊರುಗಳಲ್ಲಿಯೂ ಜನ ನಸುಕಿನಲ್ಲಿ ಏಳತೊಡಗುವುದು ಡಿಸೆಂಬರ್ 16ಕ್ಕೇ. ಅಂದಿನಿಂದ 24ರವರೆಗೆ ಒಂಬತ್ತು ದಿನ, ಬೆಳಗಿನ ಜಾವ ನಾಲ್ಕರ ಹೊತ್ತಿಗೆ, ಇಗರ್ಜಿಯಲ್ಲಿ ಪೂಜೆ. ಅದಕ್ಕೆ ಸಿಂಬಾಂಗ್ ಗಬಿ ಎನ್ನುತ್ತಾರೆ. ಸ್ಪೇನಿನವರು 1565ರಿಂದ 1898ರವರೆಗೆ ಆ ದ್ವೀಪಗಳನ್ನು ಆಳಿದರು, ಕ್ರೈಸ್ತ ಧರ್ಮ ಬಂದದ್ದು ಅವರ ಜೊತೆ. ಆದರೆ ಪೂಜೆಯ ಹೊತ್ತನ್ನು ಗೊತ್ತುಮಾಡಿದ್ದು ಬೇಸಾಯ. ಡಿಸೆಂಬರ್ ಅಲ್ಲಿಯೂ ಸುಗ್ಗಿಯ ಕಾಲ. ಹಗಲೆಲ್ಲ ಗದ್ದೆಯಲ್ಲಿ ದುಡಿದು ದಣಿದವರು ಸಂಜೆಯ ಪೂಜೆಗೆ ಬರಲಾರರು ಎಂದು ಪಾದ್ರಿಗಳು ಗದ್ದೆಗೆ ಹೋಗುವ ಮುಂಚೆಯೇ ಪೂಜೆ ಮುಗಿಸುವ ಏರ್ಪಾಡು ಮಾಡಿದರು. ಪೂಜೆ ಮುಗಿಸಿ ಹೊರಬಂದವರಿಗೆ ಇಗರ್ಜಿಯ ಅಂಗಳದಲ್ಲೇ ಅಕ್ಕಿಯ ತಿಂಡಿ ಕಾದಿರುತ್ತದೆ. ಬಾಳೆಎಲೆ ಹಾಸಿದ ಮಡಕೆಯಲ್ಲಿ ಅಕ್ಕಿಹಿಟ್ಟು, ತೆಂಗಿನಹಾಲು ಹೊಯ್ದು ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವುದು ಬಿಬಿಂಗ್ಕಾ. ನೇರಳೆ ಬಣ್ಣದ ಅಕ್ಕಿಯ ಹಿಟ್ಟನ್ನು ಬಿದಿರಿನ ಕೊಳವೆಯಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿ, ಮೇಲೆ ತೆಂಗಿನತುರಿ, ಬೆಲ್ಲ ಉದುರಿಸಿ ಕೊಡುವುದು ಪುಟೊ ಬುಂಬೊಂಗ್. ನಮ್ಮ ಕರಾವಳಿಯ ಪುಟ್ಟು ತಿಂದವರಿಗೆ ಅದನ್ನು ಹೆಚ್ಚು ವಿವರಿಸಬೇಕಿಲ್ಲ.

ದೇವರು ಬೇರೆ, ಭಾಷೆ ಬೇರೆ. ಚಳಿಗಾಲದ ನಸುಕು, ಸುಗ್ಗಿ, ಹೊಸ ಅಕ್ಕಿಯ ಬಿಸಿ ತಿಂಡಿ ಮಾತ್ರ ಎರಡೂ ಕಡೆ ಒಂದೇ. ಭತ್ತ ಬೆಳೆಯುವ ಜನರ ವರ್ಷ ಎಲ್ಲಿದ್ದರೂ ಹೀಗೇ ನಡೆಯುತ್ತದೆ ಎಂದು ನನಗನ್ನಿಸುತ್ತದೆ.

ಕತ್ತಲಲ್ಲಿ ಇಗರ್ಜಿಗೆ ನಡೆಯುವವರಿಗೆ ದಾರಿ ಕಾಣಬೇಕಲ್ಲ. ಕರೆಂಟು ಬರುವುದಕ್ಕೆ ಮುಂಚೆ ಅವರು ಕೈಯಲ್ಲಿ ಕಾಗದದ ದೀಪ ಹಿಡಿದು ಹೋಗುತ್ತಿದ್ದರು. ಆ ದೀಪದ ಹೆಸರು ಪರೋಲ್. ಈಗ ಅದು ಎಲ್ಲ ಮನೆಯ ಕಿಟಕಿಯಲ್ಲಿ, ಅಂಗಡಿಯ ಮುಂದೆ, ಶಾಲೆಯ ಗೇಟಿನಲ್ಲಿ ತೂಗುತ್ತದೆ. ಅವರ ಕ್ರಿಸ್‌ಮಸ್ ಕಾಲ ಸೆಪ್ಟೆಂಬರಿನಲ್ಲೇ ಶುರುವಾಗುತ್ತದೆ. ರೇಡಿಯೋದಲ್ಲಿ ಹಬ್ಬದ ಹಾಡು ಕೇಳಿಬರುವುದೂ ಆಗಲೇ. ನಾಲ್ಕು ತಿಂಗಳ ಆ ಕಾಯುವಿಕೆಯಲ್ಲಿ ಶಾಲೆಯ ಮಕ್ಕಳು ಪರೋಲ್ ಮಾಡಲು ಕಲಿಯುತ್ತಾರೆ.

ಅದನ್ನು ಮಾಡುವ ವಿಧಾನವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೇಳುತ್ತಿರುವ ಮಕ್ಕಳು ಬೇಕಾದರೆ ಬರೆದುಕೊಳ್ಳಬಹುದು. ಒಂದೇ ಅಳತೆಯ ಹತ್ತು ಬಿದಿರಿನ ಕಡ್ಡಿ ಸೀಳಿಕೊಳ್ಳಬೇಕು. ಐದು ಕಡ್ಡಿಗಳನ್ನು ಒಂದರ ಮೇಲೊಂದು ಹಾಯುವಂತೆ ಇಟ್ಟು ತುದಿಗಳನ್ನು ದಾರದಿಂದ ಬಿಗಿದರೆ ಐದು ಮೂಲೆಯ ನಕ್ಷತ್ರ. ಉಳಿದ ಐದರಿಂದ ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಇಟ್ಟು ಐದು ತುದಿಗಳಲ್ಲಿ ಮಾತ್ರ ಕಟ್ಟಬೇಕು. ಕಡ್ಡಿಗಳು ಹಾಯುವ ಒಳಗಿನ ಐದು ಜಾಗಗಳಲ್ಲಿ ಎರಡು ನಕ್ಷತ್ರಗಳ ನಡುವೆ ಬೆರಳುದ್ದದ ಗಿಡ್ಡ ಕಡ್ಡಿಗಳನ್ನು ಸಿಕ್ಕಿಸಿದರೆ ಹೊಟ್ಟೆ ಉಬ್ಬಿದ ಹಾಗೆ ನಕ್ಷತ್ರ ದಪ್ಪಗಾಗುತ್ತದೆ. ಅದರೊಳಗೆ ದೀಪಕ್ಕೆ ಜಾಗ. ಮೇಲೆ ತೆಳುವಾದ ಬಣ್ಣದ ಕಾಗದ ಹಚ್ಚಿ, ಕೆಳಗಿನ ಎರಡು ಮೂಲೆಗಳಿಗೆ ಸಣ್ಣಗೆ ಕತ್ತರಿಸಿದ ಕಾಗದದ ಗೊಂಡೆ ಬಿಟ್ಟರೆ ಪರೋಲ್ ಸಿದ್ಧ. ಆ ತೆಳು ಕಾಗದಕ್ಕೆ ಅವರು ಜಪಾನಿ ಕಾಗದ ಎನ್ನುತ್ತಾರೆ. ಬೇಕಾದ ಸಾಮಾನೆಂದರೆ ಬಿದಿರು, ದಾರ, ಕಾಗದ, ಅಂಟು. ಇದರಲ್ಲಿ ಹೊನ್ನಾಳಿಯಲ್ಲಿ ಸಿಗದ ವಸ್ತು ಒಂದೂ ಇಲ್ಲ.

ಈ ಸಣ್ಣ ದೀಪವನ್ನು ಒಂದು ನಗರ ಎಷ್ಟು ದೊಡ್ಡದು ಮಾಡಿತು ಎಂಬ ಕತೆ ಸಾನ್ ಫರ್ನಾಂಡೊದ್ದು. ಮನಿಲಾದ ಉತ್ತರಕ್ಕೆ ಪಂಪಾಂಗಾ ಎಂಬ ಪ್ರಾಂತ, ಅದರ ರಾಜಧಾನಿ ಈ ಊರು. ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಮುಂಚೆ, ಅಲ್ಲಿ ದೈತ್ಯ ದೀಪಗಳ ಸ್ಪರ್ಧೆ ನಡೆಯುತ್ತದೆ. ನಮ್ಮಲ್ಲಿ ಕೇರಿ, ಓಣಿ ಇದ್ದ ಹಾಗೆ ಅಲ್ಲಿ ಬರಂಗಾಯ್ ಎಂಬ ವಿಭಾಗಗಳಿವೆ. ಒಂದೊಂದು ಬರಂಗಾಯ್ ಒಂದೊಂದು ದೀಪ ಕಟ್ಟುತ್ತದೆ. ಎತ್ತರ ಸುಮಾರು 20 ಅಡಿ, ಒಳಗೆ ಸಾವಿರಾರು ಬಲ್ಬು. ಬ್ಯಾಂಡಿನ ಹಾಡಿಗೆ ಸರಿಯಾಗಿ ಬೆಳಕು ಅರಳಬೇಕು, ತಿರುಗಬೇಕು, ಮುಚ್ಚಬೇಕು. ಇದಕ್ಕೆ ಅವರು ಕಂಡುಕೊಂಡ ಉಪಾಯ ಕಂಪ್ಯೂಟರಿನದಲ್ಲ. ಒಂದು ಉಕ್ಕಿನ ಪೀಪಾಯಿಯನ್ನು ಅಡ್ಡಲಾಗಿ ಮಲಗಿಸಿ ಕೈಯಿಂದ ತಿರುಗಿಸುತ್ತಾರೆ. ಪ್ರತಿ ಬಲ್ಬಿನ ಸಾಲಿನಿಂದ ಬಂದ ತಂತಿಯ ತುದಿಗೆ ಹೆಂಗಸರ ತಲೆಗೂದಲಿನ ಪಿನ್ನು. ಆ ಪಿನ್ನು ಪೀಪಾಯಿಯ ಮೈಗೆ ತಾಗಿದಾಗ ಕರೆಂಟು ಹರಿದು ದೀಪ ಹತ್ತುತ್ತದೆ. ಪೀಪಾಯಿಯ ಮೇಲೆ ಅಲ್ಲಲ್ಲಿ ಅಂಟುಪಟ್ಟಿ ಹಚ್ಚಿರುತ್ತಾರೆ, ಪಿನ್ನು ಅದರ ಮೇಲೆ ಬಂದಾಗ ದೀಪ ಆರುತ್ತದೆ. ಎಲ್ಲಿ ಪಟ್ಟಿ ಹಚ್ಚಬೇಕು, ಎಲ್ಲಿ ಬಿಡಬೇಕು ಎಂಬುದರಲ್ಲೇ ಹಾಡಿನ ಲೆಕ್ಕವೆಲ್ಲ ಅಡಗಿದೆ. ಈ ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದದ್ದು.

ಈ ಉತ್ಸವದ ಬೇರು ಪಕ್ಕದ ಬಕೊಲೋರ್ ಎಂಬ ಪಟ್ಟಣದಲ್ಲಿದೆ. ಹಿಂದೆ ಪ್ರಾಂತದ ರಾಜಧಾನಿ ಅದೇ ಆಗಿತ್ತು. 1904ರಲ್ಲಿ ರಾಜಧಾನಿ ಸಾನ್ ಫರ್ನಾಂಡೊಗೆ ಬಂದ ಮೇಲೆ ದೀಪದ ಹಬ್ಬವೂ ಅಲ್ಲಿಗೆ ಬಂತು. 1991ರಲ್ಲಿ ಪಿನಾಟುಬೊ ಜ್ವಾಲಾಮುಖಿ ಸಿಡಿಯಿತು. ನಾಲ್ಕು ವರ್ಷ ಕಳೆದ ಮೇಲೆ, 1995ರ ಮಳೆಗೆ ಬೆಟ್ಟದ ಬೂದಿಯೆಲ್ಲ ಕೆಸರಾಗಿ ಹರಿದು ಬಕೊಲೋರನ್ನು ಹೂತುಹಾಕಿತು. ಅಲ್ಲಿನ ಇಗರ್ಜಿ ಇಂದಿಗೂ ಅರ್ಧ ನೆಲದೊಳಗೇ ಇದೆ, ಜನ ಅದರಲ್ಲೇ ಪೂಜೆ ಮಾಡುತ್ತಾರೆ. ಹೊಳೆ ಉಕ್ಕಿ ಮನೆಯೊಳಗೆ ನೀರು ಹೊಕ್ಕ ಮಳೆಗಾಲಗಳನ್ನು ಕಂಡ ಹೊನ್ನಾಳಿಯವರಿಗೆ ಆ ಜನರ ಗಟ್ಟಿತನ ಚೆನ್ನಾಗಿ ಅರ್ಥವಾಗುತ್ತದೆ. ಅಷ್ಟು ಕಷ್ಟ ಕಂಡ ಪ್ರಾಂತದಲ್ಲಿ ದೀಪ ಕಟ್ಟುವ ಕೈಗಳು ಮರೆಯಾಗಲಿಲ್ಲ.

ಈಗ ನಮ್ಮ ಕಡೆಯ ಮಾತು.

ಕಾರ್ತಿಕದಲ್ಲಿ ಆಕಾಶಬುಟ್ಟಿ ಏರಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಮೇದಾರರು ಬಿದಿರು ಸೀಳಿ ಹಂದರ ಕಟ್ಟಿಕೊಡುತ್ತಿದ್ದರು. ಮನೆಯ ಮಕ್ಕಳು ಬಣ್ಣದ ಹಾಳೆ ಹಚ್ಚುತ್ತಿದ್ದರು. ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ ಒಲೆಯ ಮೇಲಿಟ್ಟು ಕೈಯಾಡಿಸಿ ಮಾಡಿದ ಅಂಟು, ಅದಕ್ಕೆ ಹುಳ ಬೀಳದಿರಲೆಂದು ಚೂರು ಮೈಲುತುತ್ತ. ಮೈಲುತುತ್ತ ವಿಷ, ಮಕ್ಕಳ ಕೈಗೆ ಅದನ್ನು ಕೊಡಬಾರದು. ಈಗಿನವರು ಅದನ್ನು ಬಿಟ್ಟು ಬರಿಯ ಮೈದಾ ಅಂಟನ್ನು ಆಯಾ ದಿನಕ್ಕೆ ಮಾಡಿಕೊಂಡರೆ ಸಾಕು. ಹಾಳೆಯ ನಡುವೆ ಹೂವು, ಓಂಕಾರ, ನವಿಲು ಕತ್ತರಿಸಿ ತೆಗೆದು, ಆ ತೂತಿಗೆ ಬೇರೆ ಬಣ್ಣದ ಹಾಳೆ ಹಿಂದಿನಿಂದ ಹಚ್ಚಿದರೆ ರಾತ್ರಿ ದೀಪ ಇಟ್ಟಾಗ ಚಿತ್ರ ಎದ್ದು ಕಾಣುತ್ತಿತ್ತು. ಉದ್ದನೆಯ ಗಳಕ್ಕೆ ಹಗ್ಗ ಕಟ್ಟಿ ಹಣತೆ ಸಮೇತ ಅದನ್ನು ಮೇಲಕ್ಕೆ ಎಳೆಯುತ್ತಿದ್ದರು. ಗತಿಸಿದ ಹಿರಿಯರಿಗೆ ದಾರಿ ಕಾಣಲಿ ಎಂಬ ಭಾವನೆ ಅದರ ಹಿಂದೆ ಇತ್ತು. ಕರಾವಳಿಯಲ್ಲಿ ಇದಕ್ಕೆ ಗೂಡುದೀಪ ಎನ್ನುತ್ತಾರೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದ ಅಂಗಳದಲ್ಲಿ ದೀಪಾವಳಿಗೆ ಗೂಡುದೀಪದ ಸ್ಪರ್ಧೆ ನಡೆಯುತ್ತದೆ. ಕಾಳು, ಹುಲ್ಲು, ಕಾಗದ, ನಾರು ಏನೆಲ್ಲ ಬಳಸಿ ಜನ ಅಲ್ಲಿಗೆ ಗೂಡುದೀಪ ಹೊತ್ತು ತರುತ್ತಾರೆ. ಸ್ಪರ್ಧೆ ಇರುವುದರಿಂದ ಅಲ್ಲಿ ಮಾಡುವ ಕೈ ಉಳಿದಿದೆ. ನಮ್ಮ ಬಯಲುಸೀಮೆ–ಮಲೆನಾಡಿನ ನಡುವಿನ ಊರುಗಳಲ್ಲಿ ಅಂಥದ್ದು ಬೆಳೆಯಲಿಲ್ಲ, ಅಂಗಡಿಯ ಪ್ಲಾಸ್ಟಿಕ್ ಬುಟ್ಟಿ ಬಂದು ತೂಗಿತು.

ಪರಪರಿಯ ಗತಿಯೂ ಅದೇ. ದೇವಸ್ಥಾನದ ಕಾರ್ತಿಕಕ್ಕೆ ಬೀದಿಯ ಈ ಮಾಳಿಗೆಯಿಂದ ಆ ಮಾಳಿಗೆಗೆ ಹುರಿ ಎಳೆದು ಕಾಗದದ ಪರಪರಿ ಕಟ್ಟುವುದು ಹುಡುಗರ ಕೆಲಸ. ಹಾಳೆಯನ್ನು ನಾಲ್ಕಾಗಿ, ಎಂಟಾಗಿ ಮಡಿಸಿ ಅಂಚಿನಲ್ಲಿ ಕತ್ತರಿ ಆಡಿಸಿ ಬಿಡಿಸಿದಾಗ ಬಲೆಯ ಹಾಗೆ ತೆರೆದುಕೊಳ್ಳುತ್ತಿದ್ದ ಆ ಹಾಳೆಯನ್ನು ಕಂಡು ಪುಟ್ಟ ಮಕ್ಕಳು ಕೂಗುತ್ತಿದ್ದ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ರೇಖಾಗಣಿತದ ಸಮ್ಮಿತಿಯ ಪಾಠವನ್ನು ನಾನು ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟದ್ದು ಈ ಪರಪರಿಯಿಂದಲೇ. ಕಪ್ಪುಹಲಗೆಯ ಮೇಲೆ ಅರ್ಥವಾಗದೆ ಉಳಿದದ್ದು ಕತ್ತರಿ ಹಿಡಿದ ಮೇಲೆ ಅರ್ಥವಾಗುತ್ತಿತ್ತು.

ಫಿಲಿಪ್ಪೀನ್ಸಿನ ಬುಲಕಾನ್ ಪ್ರಾಂತದ ಸಾನ್ ಮಿಗೆಲ್‌ನಲ್ಲಿ ಇಂಥ ಕತ್ತರಿ ಕೆಲಸವನ್ನು ಹಾಲಿನ ಮಿಠಾಯಿ ಸುತ್ತುವುದಕ್ಕೆ ಬಳಸುತ್ತಾರೆ. ಒಂದು ಮಿಠಾಯಿಯ ಸುತ್ತುಕಾಗದದ ಬಾಲದಲ್ಲಿ ಹೂವು, ಗುಡಿಸಲು, ಹಕ್ಕಿ, ಕೆಲವೊಮ್ಮೆ ಅತಿಥಿಯ ಹೆಸರು ಸಮೇತ ಸಣ್ಣ ಕತ್ತರಿಯಿಂದ ಬಿಡಿಸಿರುತ್ತಾರೆ. ಹಬ್ಬದ ಮೇಜಿನ ಮಧ್ಯದಲ್ಲಿ ಗಾಜಿನ ಲೋಟಗಳಿಂದ ಆ ಬಾಲಗಳು ಇಳಿಬಿದ್ದಿರುತ್ತವೆ. ತಿಂದ ಮೇಲೆ ಎಸೆಯುವ ಒಂದು ಸುತ್ತುಕಾಗದಕ್ಕೆ ಇಷ್ಟು ಶ್ರಮವೇ ಎಂದು ಯಾರಾದರೂ ಕೇಳಿಯಾರು. ಬಂದವರಿಗೆ ತೋರಿಸುವ ಆದರ ಅದರಲ್ಲಿದೆ ಎಂಬುದು ನನ್ನ ಉತ್ತರ. ಮನೆಯ ಮುಂದೆ ದಿನವೂ ರಂಗೋಲಿ ಹಾಕುವ ನಮ್ಮ ಹೆಣ್ಣುಮಕ್ಕಳಿಗೆ ಈ ಉತ್ತರ ಹೊಸದಲ್ಲ.

ಹಬ್ಬ ಒಂದೇ ಅಲ್ಲ, ದಿನನಿತ್ಯದ ಬದುಕಿನಲ್ಲಿಯೂ ಕಾಗದದ ಕೈಗೆಲಸ ನಮ್ಮಲ್ಲಿ ತುಂಬ ಇತ್ತು. ಈಗಿನ ಮಕ್ಕಳು ಅದನ್ನು ನೋಡಿಯೇ ಇಲ್ಲ. ಅಜ್ಜಿಯಂದಿರು ಹಳೆಯ ಪೇಪರು, ಓದಿ ಮುಗಿದ ನೋಟ್‌ಪುಸ್ತಕ, ಸಿನಿಮಾ ಪೋಸ್ಟರು ಎಲ್ಲವನ್ನೂ ಚೂರು ಮಾಡಿ ಎರಡು ಮೂರು ದಿನ ನೀರಿನಲ್ಲಿ ನೆನೆಹಾಕುತ್ತಿದ್ದರು. ನೆನೆದ ಕಾಗದವನ್ನು ಒರಳಿನಲ್ಲಿ ಕುಟ್ಟಿ, ಅದಕ್ಕೆ ನೆನೆಸಿ ರುಬ್ಬಿದ ಮೆಂತ್ಯವನ್ನು ಸೇರಿಸಿ ಮುದ್ದೆ ಮಾಡಬೇಕು. ಕೊಡವನ್ನು ಬೋರಲು ಹಾಕಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಆ ಮುದ್ದೆಯನ್ನು ಅಂಗೈಯಿಂದ ತಟ್ಟುತ್ತಾ ಬರಬೇಕು, ರೊಟ್ಟಿ ತಟ್ಟಿದ ಹಾಗೆ. ಬಿಸಿಲಿಗೆ ಒಣಗಿದ ಮೇಲೆ ಕೊಡವನ್ನು ಜಾರಿಸಿ ತೆಗೆದರೆ ಹಗುರವಾದ, ಬಿದ್ದರೂ ಒಡೆಯದ ಬುಟ್ಟಿ. ಮೆಂತ್ಯದ ಕಹಿಗೆ ಹುಳ ಹತ್ತಿರ ಬರುವುದಿಲ್ಲ, ಅದರ ಲೋಳೆಗೆ ಕಾಗದ ಬಿಗಿಯಾಗಿ ಕೂರುತ್ತದೆ. ಮಂಡಕ್ಕಿ, ಹುರಿಗಾಳು, ಖಡಕ್ ರೊಟ್ಟಿ ಇಡಲು ಇದಕ್ಕಿಂತ ಒಳ್ಳೆಯ ಪಾತ್ರೆ ಇರಲಿಲ್ಲ. ಮೊರದ ಸಂದುಗಳಿಗೂ ಇದೇ ಮುದ್ದೆಯನ್ನು ಸವರುತ್ತಿದ್ದರು.

ಐಆರ್-8 ಹುಟ್ಟಿದ ಲಗೂನಾ ಪ್ರಾಂತದಲ್ಲೇ, ಅಲ್ಲಿನ ದೊಡ್ಡ ಸರೋವರದ ದಡದಲ್ಲಿ, ಪಯೆತೆ ಎಂಬ ಊರಿದೆ. ಮರಗೆತ್ತನೆಗೆ ಹೆಸರಾದ ಊರು. ಅಲ್ಲಿನವರು ಮರದಲ್ಲಿ ಕೆತ್ತಿದ ಅಚ್ಚಿನ ಮೇಲೆ ಅಂಟು ಹಚ್ಚಿದ ಹಳೆಯ ಕಾಗದವನ್ನು ಪದರಪದರವಾಗಿ ಮೆತ್ತಿ, ಒಣಗಿಸಿ, ಸೀಳಿ ತೆಗೆದು, ಮತ್ತೆ ಜೋಡಿಸಿ ಬಣ್ಣ ಬಳಿದು ಕುದುರೆ, ಹುಂಜ, ಗೊಂಬೆ ಮಾಡುತ್ತಾರೆ. ಅದಕ್ಕೆ ತಾಕಾ ಎನ್ನುತ್ತಾರೆ. ಕೆಂಪು ಕುದುರೆ ಅದರಲ್ಲಿ ಪ್ರಸಿದ್ಧ. ಅವರಿಗೆ ಮರದ ಅಚ್ಚು, ನಮ್ಮ ಅಜ್ಜಿಯರಿಗೆ ತಾಮ್ರದ ಕೊಡ. ಅವರದ್ದು ಊರಿಗೆ ಹೆಸರು ತಂದಿತು, ಮನೆಮನೆಗೆ ಸಂಪಾದನೆ ತಂದಿತು. ನಮ್ಮದು ಸ್ಟೀಲಿನ ಡಬ್ಬಿ, ಪ್ಲಾಸ್ಟಿಕ್ ಡಬ್ಬಿ ಬಂದ ದಿನ ಅಟ್ಟ ಸೇರಿತು. ಅಟ್ಟದಲ್ಲಿ ಇನ್ನೂ ಅಂಥ ಬುಟ್ಟಿ ಇದ್ದವರು ದಯವಿಟ್ಟು ಕೆಳಗಿಳಿಸಿ ಮೊಮ್ಮಕ್ಕಳಿಗೆ ತೋರಿಸಿ.

ಕಾಗದದ ಮಾತು ಬಂದಾಗ ನಮ್ಮ ನೆರೆಯ ಭದ್ರಾವತಿಯನ್ನು ನೆನೆಯದೆ ಇರಲಾಗದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಅಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಬರೆಯುವ ಹಾಳೆ, ಮುಂದೆ ಪತ್ರಿಕೆ ಅಚ್ಚು ಹಾಕುವ ಕಾಗದ ಅಲ್ಲಿ ತಯಾರಾಗುತ್ತಿದ್ದವು. ಕಬ್ಬಿನ ಸಿಪ್ಪೆಯನ್ನೂ ಕಾಗದಕ್ಕೆ ಬಳಸುತ್ತಿದ್ದರು, ಅದಕ್ಕಾಗಿ ಕಾರ್ಖಾನೆಗೆ ಸ್ವಂತದ ಸಕ್ಕರೆ ಘಟಕವಿತ್ತು. ನಮ್ಮ ಭಾಗದ ಎಷ್ಟೋ ಮನೆಗಳಿಗೆ ಆ ಕಾರ್ಖಾನೆಯ ಸಂಬಳ ಬರುತ್ತಿತ್ತು. ಸುಮಾರು 2015ರ ಹೊತ್ತಿಗೆ ಅಲ್ಲಿ ಉತ್ಪಾದನೆ ನಿಂತಿತು. ಕಾಗದವನ್ನೇ ಹುಟ್ಟಿಸಿದ ಸೀಮೆ ಇದು ಎಂಬುದನ್ನು ನಾವು ಮರೆಯಬಾರದು.

ಇನ್ನು ನಮ್ಮ ಕಡೆಯ ಕ್ರಿಸ್‌ಮಸ್ಸಿನ ಕಾಗದದ ಕೆಲಸ. ಹರಿಹರ ನಮಗೆ ಹತ್ತಿರ. ಅಲ್ಲಿನ ಆರೋಗ್ಯಮಾತೆಯ ಬಸಿಲಿಕಾಕ್ಕೆ ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಜಾತಿಮತದವರೂ ಹೋಗುತ್ತಾರೆ. ಡಿಸೆಂಬರಿನಲ್ಲಿ ಹರಿಹರ, ದಾವಣಗೆರೆ, ಶಿವಮೊಗ್ಗದ ಕ್ರೈಸ್ತರ ಮನೆಗಳಲ್ಲಿ ಗೋದಲಿ ಕಟ್ಟುವ ಸಂಭ್ರಮ. ಕಂದು ಕಾಗದವನ್ನು ಮುದುಡಿ, ಬಿಡಿಸಿ, ಮತ್ತೆ ಮುದುಡಿ, ಹಸಿರು ಕಪ್ಪು ಬಣ್ಣ ಚಿಮುಕಿಸಿದರೆ ಬೆಟ್ಟ. ಭತ್ತದ ಹುಲ್ಲಿನಿಂದ ಕೊಟ್ಟಿಗೆಯ ಮಾಡು. ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿಯಿಂದ ಹುಲ್ಲುಗಾವಲು. ಅದರ ಮೇಲೆ ಬಿದಿರು ಕಡ್ಡಿಯ ನಕ್ಷತ್ರ. ಈ ಗೋದಲಿಯ ಕೆಲಸದಲ್ಲಿ ಮಾತ್ರ ಕಾಗದ ಇನ್ನೂ ಗಟ್ಟಿಯಾಗಿ ನಿಂತಿದೆ. ಮನೆಯವರೆಲ್ಲ ಕೂತು ಅದನ್ನು ಕಟ್ಟಬೇಕು, ಕೊಂಡುತಂದರೆ ಅದು ಗೋದಲಿ ಆಗುವುದಿಲ್ಲ ಎಂಬ ಭಾವನೆ ಅವರಲ್ಲಿ ಉಳಿದಿರುವುದೇ ಅದಕ್ಕೆ ಕಾರಣ. ನಕ್ಷತ್ರ ಮಾತ್ರ ಅಲ್ಲಿಯೂ ಪ್ಲಾಸ್ಟಿಕ್ ಆಗುತ್ತಿದೆ.

ಹೋರಿ ಹಬ್ಬದ ಬಗ್ಗೆ ಎರಡು ಮಾತು. ದೀಪಾವಳಿಯಿಂದ ಆರಂಭಿಸಿ ತಿಂಗಳುಗಟ್ಟಲೆ ಹಾವೇರಿ, ಶಿಕಾರಿಪುರ, ಹೊನ್ನಾಳಿ, ನ್ಯಾಮತಿ ಕಡೆಯ ಊರುಗಳಲ್ಲಿ ಇದು ನಡೆಯುತ್ತದೆ. ಹೋರಿಗೆ ಜೂಲ, ಗೆಜ್ಜೆ, ಕೊಬ್ಬರಿ ಹಾರ, ಕೋಡಿನ ಮೇಲೆ ಬಲೂನು, ಮಿಂಚುಕಾಗದ. ಜನರಿಗೂ ಹೋರಿಗಳಿಗೂ ಪೆಟ್ಟಾಗುವುದನ್ನು ನೋಡಿ ನೋವಾಗುತ್ತದೆ, ಬೇಲಿ, ಅಂಬುಲೆನ್ಸು ಇಲ್ಲದೆ ನಡೆಸಲೇಬಾರದು. ಅದು ಬೇರೆ ವಿಷಯ. ಹೋರಿಯನ್ನು ಸಿಂಗರಿಸುವ ರಾತ್ರಿಯ ಆ ಕೆಲಸ ಮಾತ್ರ ನೋಡುವಂಥದ್ದು. ಅದಕ್ಕೆ ಗುರುಗಳಿದ್ದಾರೆ, ಶಿಷ್ಯರಿದ್ದಾರೆ, ಊರೂರ ನಡುವೆ ಪೈಪೋಟಿ ಇದೆ. ಸಾನ್ ಫರ್ನಾಂಡೊದ ದೀಪದ ಸ್ಪರ್ಧೆಗೆ ನಮ್ಮಲ್ಲಿ ತೀರಾ ಹತ್ತಿರದ ಸಂಗತಿ ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಹಬ್ಬ ಮುಗಿದ ಮೇಲೆ ಗದ್ದೆ ಬಯಲಿನಲ್ಲಿ ಉಳಿಯುವ ಪ್ಲಾಸ್ಟಿಕ್ ಚೂರುಗಳನ್ನು ಮರುದಿನ ಅದೇ ಬಯಲಿನಲ್ಲಿ ಮೇಯುವ ದನಗಳು ತಿನ್ನುತ್ತವೆ ಎಂಬುದನ್ನು ಹೋರಿಯನ್ನು ಮಗನಂತೆ ಸಾಕುವ ಆ ಜನ ಯೋಚಿಸಬೇಕು.

ಕಾನೂನು ಏನು ಹೇಳುತ್ತದೆ ಎಂಬುದೂ ಗೊತ್ತಿರಲಿ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳ ಜೊತೆಗೆ ಪ್ಲಾಸ್ಟಿಕ್ ತೋರಣ, ಬಾವುಟ, ಬ್ಯಾನರ್, ಫ್ಲೆಕ್ಸ್‌ಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಅನ್ವಯವಾದ ನಿಷೇಧದಲ್ಲಿ ಪ್ಲಾಸ್ಟಿಕ್ ಬಾವುಟ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮಾಕೋಲ್ ಸೇರಿವೆ. ಅಂದರೆ ದೇವಸ್ಥಾನದ ಬೀದಿಗೆ ನಾವು ಕಟ್ಟುವ ಪ್ಲಾಸ್ಟಿಕ್ ಪರಪರಿ ಇಷ್ಟು ವರ್ಷದಿಂದ ಕಾನೂನಿಗೆ ವಿರುದ್ಧ. ಅದು ಮಳೆಗಾಲಕ್ಕೆ ಚರಂಡಿಗೆ, ಚರಂಡಿಯಿಂದ ತುಂಗಭದ್ರೆಗೆ ಸೇರುತ್ತದೆ. ಹೊಳೆಯ ನೀರನ್ನೇ ಕುಡಿಯುವ ಊರು ನಮ್ಮದು.

ಸಾನ್ ಫರ್ನಾಂಡೊದ ದೈತ್ಯ ದೀಪಗಳಲ್ಲಿಯೂ ಈಗ ಕಾಗದ ಉಳಿದಿಲ್ಲ, ಪ್ಲಾಸ್ಟಿಕ್ಕು, ಫೈಬರ್ ಬಂದಿದೆ. ಕಪ್ಪೆಚಿಪ್ಪಿನ ತೆಳು ಹಾಳೆಯಿಂದ ಮಾಡುವ ಪರೋಲ್ ಊರಾಚೆಗೂ ಮಾರಾಟವಾಗುತ್ತದೆ. ಆದರೂ ಅವರು ಒಂದನ್ನು ಬಿಟ್ಟುಕೊಡಲಿಲ್ಲ. ದೀಪವನ್ನು ಊರವರೇ ಕಟ್ಟಬೇಕು, ಕೇರಿಗೊಂದು ಕಟ್ಟಬೇಕು, ಗೊತ್ತಾದ ದಿನ ಎಲ್ಲರ ಮುಂದೆ ಹಚ್ಚಬೇಕು. ನಮ್ಮಲ್ಲಿ ಭಕ್ತಿ ಕಡಿಮೆಯಾಗಿಲ್ಲ, ಹಣವೂ ಹಿಂದಿಗಿಂತ ಹೆಚ್ಚಿದೆ. ಕಾರ್ತಿಕದ ಚಂದಾ ಹಣದಲ್ಲಿ ಡೆಕೋರೇಷನ್ನಿನವರಿಗೆ ಗುತ್ತಿಗೆ ಕೊಟ್ಟಾಗ ಬೀದಿ ಮಿಂಚುತ್ತದೆ, ಆದರೆ ಆ ಬೀದಿಯ ಹುಡುಗರಿಗೆ ಮಾಡಲು ಕೆಲಸ ಉಳಿಯುವುದಿಲ್ಲ. ಅವರು ಮೊಬೈಲ್ ಹಿಡಿದು ಕಟ್ಟೆಯ ಮೇಲೆ ಕೂರುತ್ತಾರೆ. ನಾವೇ ಅವರ ಕೈಯಿಂದ ಕತ್ತರಿ ಕಿತ್ತುಕೊಂಡು ಆಮೇಲೆ ಅವರನ್ನು ಬೈಯುವುದು ನ್ಯಾಯವಲ್ಲ.

ಆದ್ದರಿಂದ ನನ್ನ ಬಿನ್ನಹಗಳನ್ನು ಕೇಳಿ. ದೇವಸ್ಥಾನ ಸಮಿತಿಯ ಹಿರಿಯರೇ, ಮುಂದಿನ ಕಾರ್ತಿಕಕ್ಕೆ ಅಲಂಕಾರದ ಹಣದಲ್ಲಿ ಸ್ವಲ್ಪ ಭಾಗವನ್ನು ಬಣ್ಣದ ಹಾಳೆಗೆ, ಹುರಿಗೆ ತೆಗೆದಿಡಿ, ಪರಪರಿಯ ಕೆಲಸವನ್ನು ಕೇರಿಯ ಮಕ್ಕಳಿಗೆ ಒಪ್ಪಿಸಿ. ಶಿಕ್ಷಕ ಬಂಧುಗಳೇ, ಡಿಸೆಂಬರಿನ ಒಂದು ಶನಿವಾರ ಶಾಲೆಯ ಅಂಗಳದಲ್ಲಿ ಆಕಾಶಬುಟ್ಟಿಯ ಸ್ಪರ್ಧೆ ಇಡಿ. ಹಿಂದೂ ಮಕ್ಕಳು ಆಕಾಶಬುಟ್ಟಿ ಕಟ್ಟಲಿ, ಕ್ರೈಸ್ತ ಮಕ್ಕಳು ನಕ್ಷತ್ರ ಕಟ್ಟಲಿ, ಮುಸ್ಲಿಂ ಮಕ್ಕಳು ತಮಗೆ ಇಷ್ಟವಾದ ದೀಪ ಕಟ್ಟಲಿ, ಒಬ್ಬರು ಇನ್ನೊಬ್ಬರದ್ದನ್ನು ಕಲಿಯಲಿ. ಬಿದಿರನ್ನು ನಿಮ್ಮೂರಿನ ಮೇದಾರರಿಂದಲೇ ಕೊಳ್ಳಿ, ಕಡ್ಡಿ ಸೀಳುವುದನ್ನು ಮಕ್ಕಳಿಗೆ ತೋರಿಸಿಕೊಡಲು ಅವರನ್ನೇ ಕರೆಯಿರಿ, ಆ ದಿನದ ಕೂಲಿಯನ್ನು ಗೌರವದಿಂದ ಕೊಡಿ. ಮನೆಯ ತಾಯಂದಿರೇ, ಅಜ್ಜಿಯರೇ, ಬೇಸಿಗೆಯ ರಜೆಗೆ ಮೊಮ್ಮಕ್ಕಳು ಬಂದಾಗ ಒಂದು ಕಾಗದದ ಬುಟ್ಟಿ ತಟ್ಟಿಸಿ. ಮೆಂತ್ಯ ಎಷ್ಟು ಹಾಕಬೇಕು ಎಂಬ ಹದ ನಿಮಗೆ ಮಾತ್ರ ಗೊತ್ತು, ಅದು ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ.

ಮಕ್ಕಳೇ, ಹತ್ತು ಕಡ್ಡಿಯ ನಕ್ಷತ್ರದ ವಿಧಾನ ನಿಮಗೆ ಈಗಾಗಲೇ ಹೇಳಿದ್ದೇನೆ. ಒಳಗೆ ಹಣತೆ ಇಡಬೇಡಿ, ಸಣ್ಣ ಎಲ್ಇಡಿ ಬಲ್ಬು ಸಾಕು, ಕಾಗದಕ್ಕೆ ಬೆಂಕಿ ತಾಗುವ ಭಯ ಇರುವುದಿಲ್ಲ. ಡಿಸೆಂಬರ್ 16ರ ನಸುಕಿನಲ್ಲಿ ಅದನ್ನು ನಿಮ್ಮ ಬಾಗಿಲಿಗೆ ತೂಗುಹಾಕಿ.